ಕಳಿಸಿದ ಪಟ್ಟಿ, ನೋಡದ ಚೀಟಿ

ರೋಗ ಪರೀಕ್ಷಾ ಕೇಂದ್ರದ ಹಿಂದಿನ ಕೋಣೆಯಲ್ಲಿ ಇಪ್ಪತ್ತಾರು ವರ್ಷ ಒಂದೇ ಕುರ್ಚಿ ಸವೆಸಿದ ಆಪರೇಟರನಿಗೆ ಎಲ್ಲರೂ ಸೇರಿ ಇಟ್ಟ ಹೆಸರು ಆಯ್ತಪ್ಪ. ಸಂಜೆ ಐದಕ್ಕೆ ಪಟ್ಟಿ ಕಳಿಸಿ, ಪರದೆಯ ಮೇಲೆ ಉತ್ತರ ಮೂಡಿದ ಕೂಡಲೇ ಬೆರಳು ನೆಟಿಕೆ ಮುರಿದು "ಆಯ್ತಪ್ಪ!" ಎಂದು ಏಳುವುದು ಅವನ ರೂಢಿ. ಅವನ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು.

ಕೆಲಸವೇನೂ ಮಹಾ ಅಲ್ಲ. ಪರೀಕ್ಷೆ ಮಾಡಿಸಿಕೊಂಡವರಲ್ಲಿ ಯಾರ ವರದಿ ಕೆಟ್ಟಿದೆಯೋ ಅವರ ನಂಬರುಗಳನ್ನು ಲ್ಯಾಬಿನವರು ಬರೆದು ಕೊಡುತ್ತಿದ್ದರು. ನಂಬರು ಮಾತ್ರ. ಹೆಸರು, ವಿಳಾಸಗಳೆಲ್ಲ ದೂರದ ಮುಖ್ಯ ಕಚೇರಿಯ ಹಳೇ ಕಂಪ್ಯೂಟರಿನಲ್ಲಿದ್ದವು. ಆಯ್ತಪ್ಪ ಆ ನಂಬರುಗಳನ್ನು ಒಂದು ಫೈಲಿಗೆ ಟೈಪು ಮಾಡಿ, ಇವರಿಗೆಲ್ಲ ಕಾಗದ ಅಚ್ಚು ಹಾಕು ಎಂಬ ಆದೇಶವನ್ನೂ ಸೇರಿಸಿ, ತಂತಿಯ ಮೇಲೆ ಅಲ್ಲಿಗೆ ಕಳಿಸಬೇಕು. ಫೈಲು ಪೂರ್ತಿ ತಲುಪಿದ್ದೇ ತಡ, ಆ ಕಂಪ್ಯೂಟರು ಅದನ್ನು ತನ್ನ ಕೆಲಸಗಳ ಸರದಿಗೆ ಸೇರಿಸಿಕೊಂಡು 'ಸ್ವೀಕರಿಸಲಾಗಿದೆ' ಎಂದು ಉತ್ತರ ಕೊಡುತ್ತಿತ್ತು. ಸರದಿ ಬಂದಾಗ ಕಾಗದ ಅಚ್ಚಾಗಿ ಅಲ್ಲಿಂದಲೇ ಅಂಚೆಗೆ ಹೋಗುವುದು. ಹೋಯಿತೋ ಇಲ್ಲವೋ ಎಂಬ ಸುದ್ದಿ ಮಾತ್ರ ಈ ಕಡೆಗೆ ಬರುತ್ತಿರಲಿಲ್ಲ. ಅಲ್ಲಿಗೆ ಫೈಲು ಹಾಕುವ ಅಧಿಕಾರ ಇವನಿಗಿತ್ತು, ಇಣುಕಿ ನೋಡುವ ಅಧಿಕಾರ ಇರಲಿಲ್ಲ.

ಮೊದಲ ದಿನ ಕೆಲಸ ಕಲಿಸಿದ ಎಂಜಿನಿಯರು ಹೇಳಿಯೇ ಇದ್ದ: "ಬಂತು ಅಂತ ಹೇಳುತ್ತೆ ಅಷ್ಟೆ ಕಣ್ರೀ. ಮಾಡಿದೆ ಅಂತ ಹೇಳಲ್ಲ. ಎರಡೂ ಒಂದೇ ಅಂದ್ಕೋಬೇಡಿ." ಆಯ್ತಪ್ಪ ಒಂದು ವರ್ಷ ಅದನ್ನು ನೆನಪಿಟ್ಟುಕೊಂಡ. ಆಮೇಲೆ ಮನುಷ್ಯ ತಾನೇ, ದಿನಾ ಕೇಳಿದ ಉತ್ತರದ ಮೇಲೆ ನಂಬಿಕೆ ಬೆಳೆಯಿತು. ಕಳಿಸಿದ ನಂಬರುಗಳನ್ನು ತಾರೀಖಿನ ಸಮೇತ ದುಂಡು ಅಕ್ಷರದಲ್ಲಿ ರಿಜಿಸ್ಟರಿಗೆ ಬರೆದು, ಪಕ್ಕದಲ್ಲಿ ಸರಿ ಗುರುತು ಹಾಕಿ ಮನೆಗೆ ಹೋಗುವನು.

ಮನೆಯಲ್ಲಿದ್ದವಳು ಅಕ್ಕ ಒಬ್ಬಳೇ. ತಾಯಿ ಸತ್ತಾಗ ಅವಳಿಗೆ ಹದಿನಾರು, ಇವನಿಗೆ ಆರು. ಹೊಲಿಗೆ ಮೆಷಿನ್ ತುಳಿದು ಇವನನ್ನು ಓದಿಸಿದಳು. ತನ್ನ ಮದುವೆಯ ಮಾತು ಬಂದಾಗಲೆಲ್ಲ "ಇವನದೊಂದು ದಡ ಸೇರ್ಲಿ" ಎಂದು ಮುಂದಕ್ಕೆ ಹಾಕಿದಳು. ಇವನು ದಡ ಸೇರುವ ಹೊತ್ತಿಗೆ ಕೇಳುವವರೇ ಇರಲಿಲ್ಲ.

ಅವಳ ಕಂಕುಳಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಆಯ್ತಪ್ಪನೇ ಕೇಂದ್ರಕ್ಕೆ ಕರೆತಂದು ಪರೀಕ್ಷೆ ಮಾಡಿಸಿದ. ಹದಿನೈದು ದಿನದಲ್ಲಿ ಕಾಗದ ಬಂದರೆ ದೊಡ್ಡಾಸ್ಪತ್ರೆಗೆ ಹೋಗಬೇಕು, ಬಾರದಿದ್ದರೆ ಚಿಂತೆಯಿಲ್ಲ ಎಂದು ನರ್ಸು ಹೇಳಿ, ನಂಬರು ಬರೆದ ಚೀಟಿ ಕೊಟ್ಟಳು. ಹದಿನೆಂಟನೆಯ ದಿನ ಅಕ್ಕ ಆ ಚೀಟಿ ಹಿಡಿದು ಅವನ ಊಟದ ತಟ್ಟೆಯ ಮುಂದೆ ಬಂದು ನಿಂತಳು.

"ಒಂದ್ಸಲ ನಿನ್ನ ಪುಸ್ತಕದಲ್ಲಿ ಈ ನಂಬರ್ ಇದ್ಯಾ ನೋಡೋ."

"ಹಾಗೆಲ್ಲ ನೋಡೋ ಹಾಗಿಲ್ಲ ಅಕ್ಕ. ನಿಯಮ ಅಂತ ಒಂದಿದೆ."

"ನಾನೇನು ಹೊರಗಿನವಳೇನೋ?"

"ಕಾಗದ ಬರ್ಲಿಲ್ಲ ತಾನೇ? ಹಾಗಾದ್ರೆ ಏನೂ ಇಲ್ಲ ಅಂತ್ಲೇ ಅರ್ಥ. ಒಂದಾದ್ರೂ ತಪ್ಪಿದ್ದು ನಾನು ಕಂಡಿಲ್ಲ. ಸುಮ್ನೆ ಊಟ ಮಾಡು."

ಅವನು ತಲೆ ಎತ್ತಲೂ ಇಲ್ಲ. ಇಪ್ಪತ್ತಾರು ವರ್ಷದಲ್ಲಿ ಒಬ್ಬರ ನಂಬರನ್ನೂ ಇಣುಕಿ ನೋಡದವನು ಎಂಬ ಹೆಮ್ಮೆ ಅವನಿಗೆ. ಅಂಥ ಹೆಮ್ಮೆಗಿಷ್ಟು ಬೆಂಕಿ ಹಾಕಬೇಕು! ಅಕ್ಕ ಚೀಟಿಯನ್ನು ಮಡಿಸಿ ಹೊಲಿಗೆ ಮೆಷಿನ್ನಿನ ಡ್ರಾಯರಿಗೆ ಹಾಕಿದಳು. ತಮ್ಮ ಹೇಳಿದ್ದನ್ನು ನಂಬಿ ಗಂಟಿಗೆ ಬಿಸಿನೀರಿನ ಶಾಖ ಕೊಟ್ಟುಕೊಳ್ಳತೊಡಗಿದಳು.

ಇದಾಗಿ ಎರಡು ತಿಂಗಳು ಕಳೆದ ಮೇಲೆ ಕಾಗದ ಬಂತು. ಕೂಡಲೇ ಆಸ್ಪತ್ರೆಗೆ ಬರಬೇಕು ಎಂದಿತ್ತು. ಮೇಲೆ ಅದೇ ವಾರದ ಸೋಮವಾರದ ತಾರೀಖು. ಈಗ ಆಯ್ತಪ್ಪ ನಿಯಮ ಗಿಯಮ ಎಲ್ಲ ಬಿಟ್ಟು ರಿಜಿಸ್ಟರು ತಿರುವಿದ. ನಾಲ್ಕು ಏಳು ಒಂದು ಎಂಟು. ಹನ್ನೊಂದು ವಾರದ ಹಿಂದಿನ ಪುಟದಲ್ಲಿ, ಅವನದೇ ದುಂಡು ಅಕ್ಷರದಲ್ಲಿ, ಪಕ್ಕದಲ್ಲಿ ಸರಿ ಗುರುತಿನೊಂದಿಗೆ ಕೂತಿತ್ತು.

ಮುಖ್ಯ ಕಚೇರಿಗೆ ಫೋನು ಮಾಡಿದ. ಅಲ್ಲಿ ಪ್ರಿಂಟರು ಕೆಟ್ಟಾಗ ಯಾರೋ ಸರದಿಯನ್ನು ನಿಲ್ಲಿಸಿದ್ದರಂತೆ, ಅವರಿಗೆ ವರ್ಗವಾಯಿತಂತೆ, ಮತ್ತೆ ಶುರು ಮಾಡುವುದು ಯಾರಿಗೂ ಹೊಳೆಯಲಿಲ್ಲವಂತೆ. ಕಂಪ್ಯೂಟರು ಪಾಪ, ಬಂದ ಪಟ್ಟಿಗೆಲ್ಲ ಸ್ವೀಕರಿಸಲಾಗಿದೆ ಎನ್ನುತ್ತ ರಾಶಿ ಹಾಕಿಕೊಂಡೇ ಇತ್ತು. ಸೋಮವಾರ ಯಾರೋ ಕಂಡು ಸರದಿಯನ್ನು ಮತ್ತೆ ಬಿಟ್ಟಾಗ ಮುನ್ನೂರ ಹನ್ನೆರಡು ಕಾಗದ ಒಟ್ಟಿಗೆ ಅಚ್ಚಾದವು, ಎಲ್ಲಕ್ಕೂ ಅಚ್ಚಾದ ದಿನದ್ದೇ ತಾರೀಖು.

ಆಸ್ಪತ್ರೆಯಲ್ಲಿ ಅಕ್ಕ ಡಾಕ್ಟರಿಗೆ, "ಕಾಗದ ಬಂದ ಮಾರನೇ ದಿನಾನೇ ಬಂದ್ಬಿಟ್ಟೆ ಸ್ವಾಮಿ" ಎಂದು ಮಗುವಿನ ಹಾಗೆ ಹೇಳಿಕೊಂಡಳು. ಡಾಕ್ಟರು ಆಯ್ತಪ್ಪನನ್ನು ಹೊರಗೆ ಕರೆದು, "ಎರಡು ತಿಂಗಳು ಮುಂಚೆ ಬಂದಿದ್ರೆ ಕತ್ತರಿಸಿ ತೆಗೀಬಹುದಿತ್ತು" ಎಂದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಹಾಗಾಯಿತು ಅವನ ಪಾಡು.

ಮರುದಿನ ನಡೆದದ್ದನ್ನೆಲ್ಲ ಅರ್ಜಿಯಲ್ಲಿ ಬರೆದು, ರಿಜಿಸ್ಟರಿನ ಸಮೇತ ಕೇಂದ್ರದ ಮ್ಯಾನೇಜರರ ಮೇಜಿನ ಮೇಲಿಟ್ಟ.

"ಕಾಗದದ ಮೇಲೆ ಸೋಮವಾರದ ತಾರೀಖಿದೆ. ನಿಮಗ್ಯಾಕ್ರೀ ಇಲ್ಲದ ಉಸಾಬರಿ?" ಎಂದರು ಮ್ಯಾನೇಜರು. ಅವನು ಕದಲಲಿಲ್ಲ. ಕೊನೆಗೆ ಅವರು ರಿಜಿಸ್ಟರನ್ನು ಬೀರುವಿಗೆ ಹಾಕಿ ಬೀಗ ಜಡಿದು, ಅವನ ಪ್ರತಿಯ ಮೇಲೆ ಮೊಹರು ಒತ್ತಿ ಕೊಟ್ಟರು.

ಸಂಜೆ ಆಸ್ಪತ್ರೆಯ ಮಂಚದ ಪಕ್ಕದಲ್ಲಿ ಕೂತು ಅಕ್ಕನಿಗೆ ಎಲ್ಲವನ್ನೂ ಹೇಳಿದ. ಹೇಳದೆ ಇದ್ದಿದ್ದರೆ ಅವಳಿಗೆ ಎಂದೂ ತಿಳಿಯುತ್ತಿರಲಿಲ್ಲ. ಅದು ಅವನಿಂದಾಗಲಿಲ್ಲ.

"ಅರ್ಜಿಗೆ ಏನಂದ್ರು?" ಎಂದಳು ಅಕ್ಕ.

ಅವನು ಕಾಗದ ತೋರಿಸಿದ. ನೇರಳೆ ಮೊಹರಿನಲ್ಲಿ 'ಸ್ವೀಕರಿಸಲಾಗಿದೆ' ಎಂದಿತ್ತು.

ಅಕ್ಕ ಅದನ್ನು ನೋಡಿ ಪಕ್ಕಕ್ಕಿಟ್ಟಳು. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

"ಅವರದು ಬಿಡು. ಯಾರೋ ಏನೋ," ಎಂದಳು. "ಆವತ್ತು ನಾನು ಚೀಟಿ ಹಿಡ್ಕೊಂಡು ನಿನ್ನ ಮುಂದೆ ನಿಂತಿದ್ದೆನಲ್ಲೋ. ನಾಲ್ಕೇ ಅಂಕಿ ಇತ್ತು."