ಕೇಳದೆ ಕತ್ತರಿಸಿದ ಮುಖ

ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ನನ್ನ ಎಸ್‌ಟಿಡಿ ಬೂತಿಗೆ ಅಂಟಿಕೊಂಡೇ ಒಬ್ಬ ಫೋಟೋಗ್ರಾಫರರ ಸ್ಟುಡಿಯೋ ಇತ್ತು. ಅವರು ಮಾತಿಗೆ ಮುಂಚೆ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುವವರು. ತಾವು ತೆಗೆದ ಫೋಟೋವನ್ನು ಗಿರಾಕಿಗಳು ಹೇಳದೆ ಕೇಳದೆ ಎಲ್ಲಾದರೂ ಅಚ್ಚು ಹಾಕಿಸಿದರೆ, “ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?” ಎಂದು ಚಡಪಡಿಸುತ್ತಿದ್ದರು.

“ದುಡ್ಡು ಕೊಟ್ಟು ತೆಗೆಸಿದ ಫೋಟೋ ನಮ್ದಲ್ವಾ ಮಾರಾಯ?” ಎಂದು ಜನ ನಗುತ್ತಿದ್ದರು.

ಒಂದು ಬೆಳಿಗ್ಗೆ ಸ್ಟುಡಿಯೋ ಎದುರಿಗೇ ಶ್ರದ್ಧಾಂಜಲಿಯ ಫ್ಲೆಕ್ಸ್ ಕಟ್ಟಿದ್ದರು. ತೀರಿಕೊಂಡವರು ಭಜನಾ ಸಂಘದ ಹಿರಿಯರೊಬ್ಬರು. ಸಂಘದವರು ಈ ಫೋಟೋಗ್ರಾಫರ್ ತೆಗೆದಿದ್ದ ಗ್ರೂಪ್ ಫೋಟೋವನ್ನು ಫ್ಲೆಕ್ಸ್ ಅಂಗಡಿಗೆ ಕೊಟ್ಟು, “ಎಡದಿಂದ ಎರಡನೆಯವರು” ಎಂದಿದ್ದರಂತೆ. ಅಂಗಡಿಯವರು ಬಲದಿಂದ ಎಣಿಸಿದ್ದರು. ಹಾರದ ನಡುವೆ ನಗುತ್ತಿದ್ದವರು ಸೀತೂರಿನ ಮೇಷ್ಟ್ರು. ಅವರು ಬದುಕಿದ್ದರು.

ಫೋಟೋಗ್ರಾಫರ್ ಅದನ್ನು ನೋಡುವಷ್ಟರಲ್ಲಿ ಸೀತೂರಿನ ಬಸ್ ಬಂತು. ಇಳಿದ ಮೇಷ್ಟ್ರ ಹೆಂಡತಿ ಫ್ಲೆಕ್ಸ್ ನೋಡಿ ಅಲ್ಲೇ ಕುಸಿದರು.

“ಅಕ್ಕ, ಮೇಷ್ಟ್ರಿಗೆ ಎಂತದೂ ಆಗಿಲ್ಲ. ಫೋಟೋ ತಪ್ಪಾಗಿದೆ,” ಎನ್ನುತ್ತಾ ಫೋಟೋಗ್ರಾಫರ್ ಆಕೆಯ ಬಳಿಗೆ ಓಡಿದರು.

“ನಾನು ಹೊರಡುವಾಗ ಎದೆ ಉರಿ ಅಂತಿದ್ರು,” ಎಂದಷ್ಟೇ ಆಕೆ ಹೇಳಿದರು.

ಆಕೆಯನ್ನು ಬೂತಿನಲ್ಲಿ ಕೂರಿಸಿ ಅವರ ಮನೆಗೆ ಫೋನ್ ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಮಾಡಿದೆ. ಯಾರೂ ಎತ್ತಲಿಲ್ಲ. ಫೋಟೋಗ್ರಾಫರ್ ಮುಖ ಬಿಳಚಿಕೊಂಡಿತು. ನನಗೂ ಈಗ ಹೆದರಿಕೆ ಶುರುವಾಗಿತ್ತು. ಕೊನೆಗೂ “ಹಲೋ” ಎಂಬ ಗಂಡುದನಿ ಕೇಳಿದ್ದೇ ತಡ, ಫೋಟೋಗ್ರಾಫರ್ ನನ್ನ ಕೈಯಿಂದ ರಿಸೀವರ್ ಕಿತ್ತುಕೊಂಡು ಆಕೆಯ ಕಿವಿಗೆ ಹಿಡಿದರು.

“ಎಲ್ಲಿಗೆ ಹೋಗಿದ್ರಿ ಇಷ್ಟೊತ್ತು?” ಎಂದು ಆಕೆ ಗಂಡನನ್ನು ಗದರಿ, ಗದರುತ್ತಲೇ ಅತ್ತುಬಿಟ್ಟರು.

ಆಗಲೇ ಫೋಟೋಗ್ರಾಫರ್ ಹೊರಗೆ ಹೋಗಿ ಫ್ಲೆಕ್ಸಿನ ಹಗ್ಗ ಬಿಚ್ಚಲು ಹೆಣಗುತ್ತಿದ್ದರು. ಒಂದು ಗಂಟೂ ಬಿಚ್ಚಿಕೊಳ್ಳದೆ, ಕೊನೆಗೆ ಹಲ್ಲಿನಿಂದ ಎಳೆಯತೊಡಗಿದರು.