ಶೇಖರಪ್ಪನ ರೊಟ್ಟಿ ಪರೀಕ್ಷೆ

ಗದಗಿನ ಕಡೆಯ ಶೇಖರಪ್ಪ ಯಶವಂತಪುರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಎಂಬತ್ತರ ದಶಕದ ಮೊದಲ ವರ್ಷಗಳವು. ಪಾಳಿ ಮುಗಿಸಿ ಹೆಬ್ಬಾಳ, ಯಲಹಂಕದ ಕಡೆ ಹೋಗುವವರಿಗೆ ಬಸ್ಸು ಸಿಕ್ಕರೆ ಪುಣ್ಯ. ಹಾಗಾಗಿ ಮೋಟಾರ್ ಸೈಕಲ್ ಇದ್ದವರು ಪೆಟ್ರೋಲ್ ಖರ್ಚಿಗೆಂದು ಅಷ್ಟಿಷ್ಟು ಪಡೆದು, ಉಳಿದವರನ್ನು ಹಿಂದೆ ಕೂರಿಸಿಕೊಂಡು ಮನೆ ಮುಟ್ಟಿಸುತ್ತಿದ್ದರು. ಮುಟ್ಟಿಸುವುದಕ್ಕಿಂತ ಬೀಳಿಸುವುದೇ ಹೆಚ್ಚಾದಾಗ ಮ್ಯಾನೇಜರ್ ಶೇಷಗಿರಿ ರೇಗಿದರು.

"ಇನ್ಮೇಲೆ ಶೇಖರಪ್ಪ ಪಾಸ್ ಮಾಡೋ ತನಕ ಯಾರೂ ಯಾರನ್ನೂ ಹಿಂದೆ ಕೂರಿಸ್ಕೋಬಾರ್ದು ಕಣ್ರೀ!"

ಇಷ್ಟು ವರ್ಷದಲ್ಲಿ ಒಮ್ಮೆಯೂ ಬೀಳದವನು ಅವನೊಬ್ಬನೇ, ಅದಕ್ಕೆ ಈ ಪಟ್ಟ. ಭಾನುವಾರ ಬೆಳಿಗ್ಗೆ ಜಕ್ಕೂರು ಕೆರೆ ಏರಿಯ ಮೇಲೆ ಪಾಠ ಶುರುವಾಯಿತು. ಪಾಠ ಸಣ್ಣದು, ಪರೀಕ್ಷೆ ಮಾತ್ರ ಶೇಖರಪ್ಪನದೇ. ಹಿಂದೆ ಕೂತವನ ಎದೆಗೆ ಖಡಕ್ ಜೋಳದ ರೊಟ್ಟಿಯ ಗಂಟು ಕಟ್ಟುವುದು. ಗಕ್ಕನೆ ಬ್ರೇಕ್ ಹಾಕಿದರೆ ಹಿಂದಿನವನ ಎದೆ ಮುಂದಿನವನ ಬೆನ್ನಿಗೆ ಬಡಿದು ರೊಟ್ಟಿ ಪುಡಿಪುಡಿ, ಓಡಿಸಿದವನು ಫೇಲು.

"ಹಿಂದ ಕುಂತಾಂವ ಅಂಜಿದ್ರ ಬಾಯಿಬಿಟ್ಟು ಹೇಳೂದಿಲ್ಲ. ರೊಟ್ಟಿ ಹೇಳತೈತಿ" ಎನ್ನುತ್ತಿದ್ದ ಶೇಖರಪ್ಪ.

ರೊಟ್ಟಿ ಬಡಿಯುತ್ತಿದ್ದವಳು ಹೆಂಡತಿ ನೀಲಕ್ಕ. ಎದೆ ಒಡ್ಡುತ್ತಿದ್ದವನು ಜಕ್ಕೂರಿನವನೇ ಆದ ದಡೂತಿ ಪುಟ್ಟಣ್ಣ. ಕೊನೆಗೆ ಎಲ್ಲರೂ ಏರಿಯ ಮೇಲೆಯೇ ಕೂತು ಚೂರುಗಳನ್ನು ಶೇಂಗಾ ಚಟ್ನಿ, ಮೊಸರಿನ ಜೊತೆ ತಿನ್ನುತ್ತಿದ್ದರು. ಫೇಲಾದವನಿಗೂ ಹೊಟ್ಟೆ ತುಂಬುತ್ತಿತ್ತು. ಇಂಥ ಸುಖದ ಪರೀಕ್ಷೆ ಇನ್ನೆಲ್ಲಿ ಉಂಟು?

ತೊಡಕಾದದ್ದು ನೀಲಕ್ಕನ ತಮ್ಮ ಶಿವಶರಣಪ್ಪನಿಂದ. ಅದೇ ಕಾರ್ಖಾನೆ ಸೇರಿ, ಹಳೆಯ ಗಾಡಿಯೊಂದನ್ನು ಕೊಂಡಿದ್ದ. ಓಡಿಸುವುದು ನೋಡಿದರೆ ಹಿಂದೆ ಗೂಳಿ ಅಟ್ಟಿಸಿಕೊಂಡು ಬಂದಂತೆ. ಎರಡು ಸಲ ಫೇಲಾದ. ಸುದ್ದಿ ತವರು ಮುಟ್ಟಿತು.

"ಮಂದೀನ್ನೆಲ್ಲಾ ಪಾಸ್ ಮಾಡ್ತೀರಿ, ನನ್ನ ತಮ್ಮ ಒಬ್ಬಾಂವ ನಿಮ್ಮ ಕಣ್ಣಿಗೆ ಬೀಳೂದಿಲ್ಲೇನ್ರಿ? ಅವ್ವಗ ನಾ ಹೆಂಗ ಮಾರಿ ತೋರಸ್ಲಿ?" ಎಂದು ನೀಲಕ್ಕ ಕಣ್ಣೀರು ಹಾಕಿದಳು.

ಹೆಂಡತಿಯೆಂದರೆ ಶೇಖರಪ್ಪನಿಗೆ ಪ್ರಾಣ. ಹಾಗೆಂದು ಭಾವಮೈದುನನ ಹಿಂದೆ ಯಾರನ್ನೋ ಕೂರಿಸಿ ಕೈಕಾಲು ಮುರಿಸುವುದು ಹೇಗೆ?

ಮುಂದಿನ ಭಾನುವಾರ ಪುಟ್ಟಣ್ಣ ಶಿವಶರಣಪ್ಪನ ಗಾಡಿಯಿಂದಿಳಿದು ಎದೆ ನೀವಿಕೊಂಡ. "ಏನ್ ಗುರು ಇದು! ನನ್ ಪಕ್ಕೆಲುಬು ಮುರಿದಂಗಾಯ್ತು, ರೊಟ್ಟಿ ಸದ್ದೇ ಮಾಡ್ಲಿಲ್ಲ!"

ಗಂಟು ಬಿಚ್ಚಿದರೆ ರೊಟ್ಟಿಗಳೆಲ್ಲ ಇಡಿಯಾಗಿವೆ. ಶೇಖರಪ್ಪ ಒಂದನ್ನು ಮುರಿಯಲು ಹೋದ. ಅದು ಕರವಸ್ತ್ರದಂತೆ ಮಡಿಚಿಕೊಂಡಿತು. ಬೆಳಿಗ್ಗೆ ಬಡಿದ ಮೆತ್ತನೆಯ ರೊಟ್ಟಿ! ಮೊಸರಿನ ಗಡಿಗೆ ಹಿಡಿದು ನಿಂತಿದ್ದ ನೀಲಕ್ಕ ಕೆರೆಯ ಕಡೆ ತಿರುಗಿದಳು.

ಶೇಖರಪ್ಪನಿಗೆ ಸಿಟ್ಟು, ನಾಚಿಕೆ ಎರಡೂ ಒಟ್ಟಿಗೆ ಬಂದವು. ಆದರೂ ದನಿ ಏರಿಸಲಿಲ್ಲ. "ಛಲೋ ಆತು, ಪಾಸ್. ನೀಲಾ, ತಮ್ಮನ ಹಿಂದ ಕುಂತು ಒಂದು ಸುತ್ತು ಹೋಗಿ ಬಾ."

ನೀಲಕ್ಕ ಸೀಟಿನ ಮೇಲೆ ಕೈ ಇಟ್ಟಳು. ತಮ್ಮ ಆಗಲೇ ಎಂಜಿನ್ ಗರ್ ಎನಿಸುತ್ತಿದ್ದ. ಕೈ ಹಿಂದೆಗೆದಳು.

"ನಾ ಒಲ್ಲೆ."

ಯಾರೂ ನಗಲಿಲ್ಲ. ತಾನು ಹತ್ತಲೊಲ್ಲದ ಗಾಡಿಗೆ ಇನ್ನೊಬ್ಬರನ್ನು ಹತ್ತಿಸಲು ಹೊರಟಿದ್ದೆನಲ್ಲ ಎಂದು ಅವಳ ಮುಖ ಕೆಂಪಾಯಿತು. "ಪಾಸ್ ಬ್ಯಾಡ್ರಿ. ಮೊದಲಿಂದ ಕಲಸ್ರಿ" ಎಂದಳು.

ಶಿವಶರಣಪ್ಪ ತಲೆ ತಗ್ಗಿಸಿಕೊಂಡು ಮಳೆಗಾಲ ಮುಗಿಯುವವರೆಗೂ ಕಲಿತ. ಮತ್ತೆ ಪರೀಕ್ಷೆಗೆ ನಿಂತಾಗ ಪುಟ್ಟಣ್ಣನನ್ನು ಸರಿಸಿ ನೀಲಕ್ಕ ತಾನೇ ಹಿಂದೆ ಕೂತಳು, ಎದೆಗೆ ಅಪ್ಪಟ ಖಡಕ್ ರೊಟ್ಟಿ. ಏರಿ ಸುತ್ತಿ ಬಂದು ತಾನೇ ಗಂಟು ಬಿಚ್ಚಿದಳು. ಒಂದೇ ಒಂದು ರೊಟ್ಟಿ ಮುರಿದಿತ್ತು.

"ಅಕ್ಕಾ, ಒಂದ ಅಲ್ಲೇನು!" ಎಂದು ತಮ್ಮ ಅಂಗಲಾಚಿದ.

ಶೇಖರಪ್ಪನ ಮನಸ್ಸೂ ಕರಗಿತ್ತು. "ಇರ್ಲಿ ಬಿಡು ನೀಲಾ, ಒಂದ ಐತಿ."

"ಆ ಒಂದು ರೊಟ್ಟಿ ಅಲ್ಲ, ಮನಷ್ಯಾ ಆಗಿದ್ರ ಯಾರ ಮನ್ಯಾಂವ ಅಂತ ಕೇಳ್ರಿ ಅವಂಗ" ಎಂದಳು ನೀಲಕ್ಕ.

ಶಿವಶರಣಪ್ಪ ಮತ್ತೊಂದು ಸುತ್ತಿಗೆ ಗಾಡಿ ತಿರುಗಿಸಿದ. ಅಕ್ಕ ಇಳಿಯಲಿಲ್ಲ, ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತೇ ಇದ್ದಳು. "ಮೆಲ್ಲಕ ನಡಿ" ಎಂದಳು.