ಟ್ರಕ್ಕಿನಲ್ಲಿ ಹಿಡಿಸದ ಎಮ್ಮೆ

ಒಂದು ಎಮ್ಮೆ ಸೀದಾ ಮನೆಯೊಳಗೆ ಬಂದು, ಸೋಫಾದ ಮೇಲೆ ಕೂತು, ಟಿ.ವಿ. ನೋಡಲು ಶುರುಮಾಡಿದರೆ ನೀವೇನು ಮಾಡುತ್ತೀರಿ?

ಗಾಬರಿಯಾಗಬೇಡಿ. ಇದು ಮಕ್ಕಳ ಚಿತ್ರಪುಸ್ತಕವೊಂದರ ಕತೆ. ಮೊನ್ನೆ ಭಾನುವಾರ ಅದನ್ನು ಹಿಡಿದುಕೊಂಡು ಕ್ಲಾಸಿನಲ್ಲಿ ಕೂತಿದ್ದೆ. ಕ್ಲಾಸು ಅಂದರೆ ನಾಗಪುರದ ನಮ್ಮ ಮನೆಯ ಹಾಲು. ವಾರಕ್ಕೊಮ್ಮೆ ಇಲ್ಲಿ ಕನ್ನಡ ಕಲಿಯಲು ಬರುವವರು ಬ್ಯಾಂಕು, ರೈಲ್ವೆ, ಏರ್‌ಫೋರ್ಸ್ ಮನೆಗಳ ಮಕ್ಕಳು. ಮರಾಠಿ, ಹಿಂದಿ ಇವರಿಗೆ ನೀರು ಕುಡಿದಷ್ಟು ಸಲೀಸು. ಕನ್ನಡದಲ್ಲಿ ಬರೆಯಿರಿ ಎಂದರೆ ಮಾತ್ರ ಹೊಟ್ಟೆನೋವು. (ಕೆಲವರು ಕನ್ನಡವನ್ನು ಹಿಂದಿ ಅಕ್ಷರದಲ್ಲಿ ಬರೆಯುತ್ತಾರೆ. ನಾನು ಕಣ್ಣುಮುಚ್ಚಿ ಟಿಕ್ ಹಾಕುತ್ತೇನೆ.)

ಅದಕ್ಕೇ ಈ ಪುಸ್ತಕ. ಇದರಲ್ಲಿ ಅಕ್ಷರಗಳೇ ಇಲ್ಲ, ಬರೀ ಚಿತ್ರ. ಎಮ್ಮೆ ಅಜ್ಜನ ಕನ್ನಡಕ ಹಾಕಿಕೊಂಡು ಪೇಪರ್ ಓದುತ್ತದೆ. ಬಚ್ಚಲುಮನೆಯ ಬಾಗಿಲಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಗಾಳಿ ತಂಪಾಗಲೆಂದು ಕೂಲರಿಗೆ ಕಟ್ಟಿದ ಹುಲ್ಲನ್ನು ಎಳೆದು ತಿನ್ನುವ ಪುಟ ಬಂದಾಗಂತೂ ಮಕ್ಕಳು ನೆಲದ ಮೇಲೆ ಹೊರಳಾಡಿ ನಕ್ಕರು. ಮೇ ತಿಂಗಳಲ್ಲಿ ಕೂಲರ್ ಕೆಟ್ಟರೆ ಮನೆಯಲ್ಲಿ ಏನು ನಡೆಯುತ್ತದೆ ಎಂಬುದು ನಾಗಪುರದ ಮಕ್ಕಳಿಗೆ ಗೊತ್ತಿಲ್ಲವೇ?

ಅಲ್ಲಿಗೆ ಪುಸ್ತಕ ಮುಚ್ಚಿಬಿಟ್ಟೆ. "ಮುಂದೇನಾಯ್ತು? ನೀವೇ ಬರೀರಿ" ಎಂದೆ. ಪೆನ್ಸಿಲ್‌ಗಳು ಓಡತೊಡಗಿದವು. ಯಾರಿಗೂ ಹೊಟ್ಟೆನೋವು ಬರಲಿಲ್ಲ. ನನಗೆ ಖುಷಿಯೋ ಖುಷಿ.

ಮೊದಲು ಓದಿದ್ದು ಅಶ್ವಿನಿಯದು. ಏರ್‌ಫೋರ್ಸ್‌ನವರ ಮಗಳು, ಎಂಟು ವರ್ಷ, ಮೂಲ ಧಾರವಾಡದ ಕಡೆಯವರು.

"ಪಪ್ಪಾಗ ಪೋಸ್ಟಿಂಗ್ ಬಂತು. ಎಮ್ಮಿ ಟ್ರಕ್ಕಿನ್ಯಾಗ ಹಿಡಿಸಲಿಲ್ಲ. ಬಾಜೂ ಆಂಟಿಗೆ ಕೊಟ್ಟು ಹೋದ್ವಿ. ಆಮ್ಯಾಲೆ ಬಾಜೂ ಆಂಟಿಗೂ ಪೋಸ್ಟಿಂಗ್ ಬಂತು."

ಅಷ್ಟೇ. ಮುಗಿಯಿತು.

ಮಿಕ್ಕವರದ್ದು ತೆಗೆದೆ. ಬ್ಯಾಂಕಿನವರ ಮಗನ ಕತೆಯಲ್ಲೂ ಟ್ರಾನ್ಸ್‌ಫರ್. ರೈಲ್ವೆಯವರ ಮಗಳು ಎಮ್ಮೆಯನ್ನು ಸ್ಟೇಷನ್ನಿನವರೆಗೆ ಕರೆತಂದು ಪ್ಲಾಟ್‌ಫಾರ್ಮಿನಲ್ಲಿ ಟಾಟಾ ಮಾಡಿಸಿದ್ದಳು. ಎಮ್ಮೆ ಹಾರಬಹುದಿತ್ತು, ಡಾಕ್ಟರಾಗಬಹುದಿತ್ತು, ಮಂತ್ರಿಯೂ ಆಗಬಹುದಿತ್ತು. ಇವರಿಗೆ ಹೊಳೆದದ್ದು ಬಿಟ್ಟುಹೋಗುವುದೊಂದೇ!

"ಎಮ್ಮೆಗೆ ಬೇಜಾರಾಗಲಿಲ್ವಾ ಪುಟ್ಟಿ?" ಎಂದು ಅಶ್ವಿನಿಯನ್ನು ಕೇಳಿದೆ.

"ಅದಕ್ಕ ಆದತ್ ಆಗ್ತದರೀ ಆಂಟಿ" ಎಂದಳು. ರೂಢಿಯಾಗಿಬಿಡುತ್ತದಂತೆ! ಮುಖದಲ್ಲಿ ಅಳುವೂ ಇಲ್ಲ, ನಗುವೂ ಇಲ್ಲ.

ಕರೆದೊಯ್ಯಲು ಬಂದ ಅವಳ ತಾಯಿಗೆ ಕತೆ ತೋರಿಸಿದೆ. ಅವರು ನಕ್ಕರು. "ಈಕಿ ಭಾಳ ಶಾಣ್ಯಾಕಿ ಆಗ್ಯಾಳ್ರೀ ಮೇಡಂ. ಹಿಂದಿನ ಊರು ಬಿಡೂ ಮುಂದ ಗೆಳತಿ ಸಲುವಾಗಿ ಅತ್ತೂ ಅತ್ತೂ ಜ್ವರಾ ಬರಿಸ್ಕೊಂಡಿದ್ಲು. ಇಲ್ಲೆ ಬಂದ ಮ್ಯಾಲ ಯಾರನ್ನೂ ಹಚ್ಕೊಂಡೇ ಇಲ್ಲ. ಮುಂದಿನ ಸಲ ನಮಗ ತ್ರಾಸಿಲ್ಲ ನೋಡ್ರೀ."

ಮಗಳು ಈಜು ಕಲಿತಳು ಎನ್ನುವಷ್ಟು ಹೆಮ್ಮೆಯಿಂದ ಹೇಳಿದರು. ನಾನು ಬೆಚ್ಚಿಬಿದ್ದೆ.

ನಮ್ಮ ಯಜಮಾನರದ್ದೂ ಟ್ರಾನ್ಸ್‌ಫರ್ ನೌಕರಿಯೇ. ಊರು ಬಿಡುವಾಗ ಗ್ಯಾಸ್ ಕನೆಕ್ಷನ್, ಸ್ಕೂಲಿನ ಟಿ.ಸಿ., ಟಿ.ವಿ.ಗೆ ಸುತ್ತುವ ಹಳೇ ರಜಾಯಿ, ಎಲ್ಲದರ ಚಿಂತೆ ನಮಗಿರುತ್ತದೆ. ಮಕ್ಕಳ ವಿಷಯಕ್ಕೆ ಬಂದರೆ "ಅವಕ್ಕೇನ್ರೀ, ಅಡ್ಜಸ್ಟ್ ಆಗ್ತವೆ" ಎಂದುಬಿಡುತ್ತೇವೆ. ಅಡ್ಜಸ್ಟ್ ಆಗುವುದು ಅಂದರೆ ಇದೇನಾ? ಯಾರನ್ನೂ ಹಚ್ಚಿಕೊಳ್ಳದಿರುವುದಾ?

ನನಗೆ ತಡೆಯಲಾಗಲಿಲ್ಲ. ಪುಸ್ತಕವನ್ನು ಅಶ್ವಿನಿಯ ಕೈಗಿಟ್ಟೆ. "ಇದು ನಿನಗೇ. ಎಮ್ಮೆ ಎಲ್ಲಿಗೂ ಹೋಗದ ಹಾಗೆ ಇನ್ನೊಂದು ಕತೆ ಬರಿ. ಪ್ರತಿ ಭಾನುವಾರ ಕ್ಲಾಸ್ ಮುಗಿದ ಮೇಲೆ ನಾವಿಬ್ಬರೇ ಕೂತು ಓದೋಣ" ಎಂದೆ.

ಅವಳ ಕಣ್ಣು ಅರಳಿತು. ಚಪ್ಪಲಿ ಹಾಕಿಕೊಂಡವಳು ತಿರುಗಿ ಬಂದಳು.

"ಆಂಟೀ, ಅಂಕಲ್‌ಗೆ ಪೋಸ್ಟಿಂಗ್ ಯಾವಾಗ ಬರ್ತದರೀ?"

"ಗೊತ್ತಿಲ್ಲ ಪುಟ್ಟಿ. ಯಾವಾಗ ಬೇಕಾದರೂ ಬರಬಹುದು" ಎಂದೆ.

ಅವಳು ಪುಸ್ತಕವನ್ನು ಮೆಲ್ಲಗೆ ಟೀಪಾಯಿಯ ಮೇಲಿಟ್ಟು, ಅಮ್ಮನ ಕೈ ಹಿಡಿದು ಮೆಟ್ಟಿಲಿಳಿದಳು.

ಒಬ್ಬರನ್ನು ಇಷ್ಟಪಡುವ ಮೊದಲು ಅವರ ಟ್ರಾನ್ಸ್‌ಫರ್ ಯಾವಾಗ ಎಂದು ವಿಚಾರಿಸಿಕೊಳ್ಳುವುದನ್ನು ಎಂಟು ವರ್ಷದ ಮಗುವಿಗೆ ಕಲಿಸಿದವರು ಯಾರು ಸ್ವಾಮೀ?